ಜಾಲಿ ತೆಗೆದ ಮೇಲೆ ಏನು? ಅನುದಾನದ ಅರ್ಜಿ ಅಲ್ಲಿಂದ ಶುರು

ಪಾವಗಡ, ಶಿರಾ, ಬಾಗೇಪಲ್ಲಿ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ಉಳುಮೆ ಬಿಟ್ಟ ಹೊಲದಲ್ಲೆಲ್ಲ ಬಳ್ಳಾರಿ ಜಾಲಿ. ಎರಡು ವರ್ಷ ಮಳೆ ಕೈಕೊಟ್ಟರೆ ಸಾಕು, ಬದುವಿನ ಮೇಲಿದ್ದ ಒಂದೆರಡು ಗಿಡ ಹೊಲದ ತುಂಬ ಹಬ್ಬಿರುತ್ತದೆ. ಬೆಟ್ಟದ ತಪ್ಪಲಿನ ಜಮೀನಾದರೆ ಲಂಟಾನ. ಬದು, ದಾರಿ, ಬೀಳು ಎಲ್ಲ ಕಡೆ ಪಾರ್ಥೇನಿಯಂ. ಕೋಲಾರದ ಕಡೆ ನೀಲಗಿರಿ ತೋಪುಗಳಿವೆ. ಅದು ತಾನಾಗಿ ಹಬ್ಬಿದ್ದಲ್ಲ, ನಾವೇ ನೆಟ್ಟಿದ್ದು. ಆದರೆ ಬುಡ ಕೀಳುವ ಕಷ್ಟ ಅದಕ್ಕೂ ಇದೆ.

‘ಇದನ್ನು ತೆಗೆಸೋಕೆ ಸರ್ಕಾರ ದುಡ್ಡು ಕೊಡುತ್ತಾ?’ ಹಳ್ಳಿಗೆ ಹೋದಾಗಲೆಲ್ಲ ಕೇಳುವ ಪ್ರಶ್ನೆ ಇದು. ಮಧುಗಿರಿ ಕಡೆ ನಮ್ಮದೂ ಎರಡು ಎಕರೆ ಇದೆ. ನಾನೂ ಒಮ್ಮೆ ‘ಜಂಗಲ್ ಕಟಿಂಗ್‌ಗೆ ಸಹಾಯಧನ ಬೇಕು’ ಎಂದು ಉದ್ಯೋಗ ಖಾತರಿಯಲ್ಲಿ ಅರ್ಜಿ ಬರೆದುಕೊಟ್ಟಿದ್ದೆ. ಅರ್ಜಿ ವಾಪಸ್ ಬಂತು. ಯಾಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯ ಪಟ್ಟಿಯಲ್ಲೇ ಇದೆ: ಅಳತೆಗೆ ಸಿಗದ, ಮತ್ತೆ ಮತ್ತೆ ಮಾಡಬೇಕಾದ ಕೆಲಸಕ್ಕೆ ಹಣವಿಲ್ಲ. ಹುಲ್ಲು ತೆಗೆಯುವುದು, ಕಲ್ಲು ಆಯುವುದು ಎಂದು ಉದಾಹರಣೆಯನ್ನೂ ಕೊಟ್ಟಿದ್ದಾರೆ. ಅದೇ ಜಾಗದಲ್ಲಿ ಬದು ಹಾಕುತ್ತೇನೆ, ಕೃಷಿ ಹೊಂಡ ತೋಡುತ್ತೇನೆ, ಮಾವು ಇಡುತ್ತೇನೆ ಎಂದರೆ ಅದಕ್ಕೆ ಅಳತೆ ಇದೆ, ಅಂದಾಜುಪಟ್ಟಿ ಇದೆ, ಹಣವೂ ಇದೆ.

ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ಜಾಲಿ ತೆಗೆದು ನೆಲವನ್ನು ಸುಮ್ನೆ ಬಿಟ್ಟರೆ ಮುಂದಿನ ಮಳೆಗೇ ಮತ್ತೆ ತುಂಬಿಕೊಳ್ಳುತ್ತದೆ, ಅಲ್ವಾ? ಹಾಗಾಗಿ ತೆಗೆದ ಜಾಗದಲ್ಲಿ ಏನು ಮಾಡುತ್ತೀರಿ ಎಂದು ಮೊದಲು ತೀರ್ಮಾನಿಸಿ. ಅರ್ಜಿ ಬರೆಯುವುದು ಆಮೇಲೆ.

ಮೊದಲು ಹೊಲ ಸುತ್ತಿ

ಒಂದು ನೋಟ್‌ಬುಕ್ ಹಿಡಿದು ಜಮೀನನ್ನು ಪೂರ್ತಿ ನಡೆಯಿರಿ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಜಾಲಿ, ಎಷ್ಟು ಲಂಟಾನ ಎಂದು ಬರೆದುಕೊಳ್ಳಿ. ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ ಫೋಟೊ ತೆಗೆಯಿರಿ. ಕೆಲಸಕ್ಕೆ ಮುಂಚಿನ ಫೋಟೊ ಆಮೇಲೆ ಬೇಕೆಂದರೆ ಸಿಗುವುದಿಲ್ಲ.

ಜಾಲಿಯ ನಡುವೆ ಹೊಂಗೆ, ಬೇವು, ಹುಣಸೆ ಇದ್ದರೆ ಬಟ್ಟೆ ಕಟ್ಟಿ ಗುರುತು ಮಾಡಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ (ಗಾಳಿಮರ), ಸಿಲ್ವರ್ ಓಕ್ ಮರಗಳಿಗೆ ವಿನಾಯಿತಿ ಇದೆ. ಪಟ್ಟಾ ಜಮೀನಿನಲ್ಲಿ ಅವನ್ನು ಕಡಿಯಲು ಅನುಮತಿ ಬೇಕಿಲ್ಲ. ಹುಣಸೆ, ಬೇವಿಗೆ ಆ ವಿನಾಯಿತಿ ಇದೆ ಎಂದುಕೊಳ್ಳಬೇಡಿ. ಇನ್ನೊಂದು ಮಾತು: ಪಕ್ಕದ ಕೆರೆ ಅಂಗಳ, ಗೋಮಾಳದ ಜಾಲಿಗೆ ನೀವು ಕೈ ಹಾಕುವಂತಿಲ್ಲ. ಗಡಿ ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿಕೊಳ್ಳಿ.

ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇಷ್ಟು ಎಲ್ಲ ಕಡೆ ಬೇಕು. ಪಹಣಿ ಇನ್ನೂ ತೀರಿಹೋದ ತಂದೆ, ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮೊದಲು. ಜಂಟಿ ಖಾತೆ ಇದ್ದರೆ ಉಳಿದವರ ಒಪ್ಪಿಗೆ ಪತ್ರ ಈಗಲೇ ಬರೆಸಿಟ್ಟುಕೊಳ್ಳಿ.

ಯಾವ ಬಾಗಿಲು ತಟ್ಟಬೇಕು

ಮೊದಲನೆಯದು ಗ್ರಾಮ ಪಂಚಾಯಿತಿ. ಉದ್ಯೋಗ ಖಾತರಿಯಲ್ಲಿ ಸ್ವಂತ ಜಮೀನಿನ ಕೆಲಸಕ್ಕೆ ಪರಿಶಿಷ್ಟ ಜಾತಿ, ಪಂಗಡದವರು, ಬಡತನ ರೇಖೆಗಿಂತ ಕೆಳಗಿರುವವರು, ಹೆಣ್ಣುಮಕ್ಕಳೇ ಯಜಮಾನರಾಗಿರುವ ಮನೆಗಳು, ಸಣ್ಣ ಮತ್ತು ಅತಿ ಸಣ್ಣ ರೈತರು ಅರ್ಜಿ ಹಾಕಬಹುದು. ಜಾಬ್ ಕಾರ್ಡ್ ಇರಬೇಕು, ಮನೆಯ ಒಬ್ಬರಾದರೂ ಆ ಕೆಲಸದಲ್ಲಿ ದುಡಿಯಬೇಕು. ಅರ್ಜಿಯಲ್ಲಿ ‘ಬದು ನಿರ್ಮಾಣ’, ‘ಕೃಷಿ ಹೊಂಡ’, ‘ತೋಟಗಾರಿಕೆ ಬೆಳೆ’ ಎಂದು ಕೆಲಸದ ಹೆಸರು ಬರೆಯಿರಿ. ಜಾಗದಲ್ಲಿ ಜಾಲಿ ಇದೆ ಎಂಬುದನ್ನೂ ಹೇಳಿ, ಎಂಜಿನಿಯರ್ ಸ್ಥಳ ನೋಡಲು ಬಂದಾಗ ತೋರಿಸಿ. ಮುಂದಿನ ಸಾಲಿನ ಕ್ರಿಯಾಯೋಜನೆಗೆ ಗ್ರಾಮಸಭೆಗಳು ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತವೆ. ಆ ಸಭೆಗೆ ಖುದ್ದಾಗಿ ಹೋಗಿ ನಿಮ್ಮ ಹೆಸರು ಪಟ್ಟಿಗೆ ಸೇರಿತೇ ಎಂದು ನೋಡಿ. ಉದ್ಯೋಗ ಖಾತರಿಯ ಕಾನೂನೇ ಬದಲಾಗುತ್ತಿರುವ ಕಾಲ ಇದು. ಈ ಸಾಲಿನ ನಿಯಮವನ್ನು ಪಂಚಾಯಿತಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಇಲ್ಲಿ ಜಾಸ್ತಿ ಜನ ಎಡವುವುದು ಜೆಸಿಬಿ ವಿಚಾರದಲ್ಲಿ. ಕೂಲಿಯವರ ಕೆಲಸ ಕಸಿಯುವ ಯಂತ್ರ ಬಳಸಿದರೆ ಆ ಕಾಮಗಾರಿಗೆ ಬಿಲ್ ಆಗುವುದಿಲ್ಲ. ಜಾಲಿ ಬುಡ ಕೀಳಲು ಜೆಸಿಬಿ ಬೇಕೇ ಬೇಕು ಅನ್ನಿಸಿದರೆ ಅದನ್ನು ನಿಮ್ಮ ಖರ್ಚಿನಲ್ಲಿ, ಪಂಚಾಯಿತಿಯ ಕೆಲಸ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ. ಎರಡನ್ನೂ ಬೆರೆಸಬೇಡಿ.

ಎರಡನೆಯದು ಅರಣ್ಯ ಇಲಾಖೆಯ ವಲಯ ಕಚೇರಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ನಡೆಯುತ್ತಿದೆ. ಮಳೆಗಾಲಕ್ಕೆ ಮೊದಲು ಹೆಸರು ನೋಂದಾಯಿಸಿದರೆ ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ. ಬದುಕಿ ಉಳಿದ ಪ್ರತಿ ಗಿಡಕ್ಕೆ ಮೊದಲ ವರ್ಷದ ಕೊನೆಗೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125 ರೂಪಾಯಿ. ಹೆಕ್ಟೇರಿಗೆ ಹೆಚ್ಚೆಂದರೆ 400 ಗಿಡ, ಅಂದರೆ ಎಕರೆಗೆ ಸುಮಾರು 160. ಎಲ್ಲವೂ ಉಳಿದರೆ ಮೂರು ವರ್ಷದಲ್ಲಿ ಎಕರೆಗೆ ಸುಮಾರು 20,000 ರೂಪಾಯಿ ಆಯಿತು. ನೀಲಗಿರಿ, ಅಕೇಶಿಯಾ, ಸರ್ವೆ, ಸಿಲ್ವರ್ ಓಕ್‌ಗೆ ಈ ಹಣ ಇಲ್ಲ. ಹೊಂಗೆ, ಬೇವು, ಹೆಬ್ಬೇವು, ನೇರಳೆ, ಶ್ರೀಗಂಧದಂಥವನ್ನು ಕೇಳಿ. ಸಸಿ ಕೊಂಡ ರಸೀದಿ ಮೂರು ವರ್ಷ ಜೋಪಾನವಾಗಿರಲಿ. ಒಂದೇ ಗಿಡಕ್ಕೆ ಪಂಚಾಯಿತಿಯಲ್ಲೂ ಇಲ್ಲೂ ಹಣ ಕೇಳಬೇಡಿ.

ಮೂರನೆಯದು ಹೋಬಳಿಯ ರೈತ ಸಂಪರ್ಕ ಕೇಂದ್ರ. ಕೃಷಿ ಭಾಗ್ಯದಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ ಇದೆ. ಕೃಷಿ ಯಾಂತ್ರೀಕರಣದಲ್ಲಿ ಬ್ರಷ್ ಕಟರ್, ರೋಟವೇಟರ್ ಸಿಗುತ್ತವೆ. ಮಂಜೂರಾತಿ ಬರುವ ಮೊದಲು ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಡಿ. ಎಷ್ಟೋ ಜನ ಹಾಗೆ ತಂದು ಸಹಾಯಧನ ಕಳೆದುಕೊಂಡಿದ್ದಾರೆ.

ಬುಡ ಬಿಟ್ಟರೆ ಕೆಟ್ಟಿರಿ

ಊರಿಗೆ ಇದ್ದಿಲು ಸುಡುವವರು, ಸೌದೆ ಗುತ್ತಿಗೆಯವರು ಬರುತ್ತಾರೆ. ಜಾಲಿ ಕಡಿದುಕೊಂಡು ಕೈಗೆ ಒಂದಿಷ್ಟು ದುಡ್ಡನ್ನೂ ಕೊಡುತ್ತಾರೆ. ಕೊಡಿ, ತಪ್ಪಿಲ್ಲ. ಆದರೆ ಅವರಿಗೆ ಬೇಕಾದದ್ದು ನೆಲದ ಮೇಲಿನ ಕಟ್ಟಿಗೆ. ಬುಡ ಅಲ್ಲೇ ಉಳಿದರೆ ಒಂದು ಕಾಂಡವಿದ್ದ ಕಡೆ ಹತ್ತು ಚಿಗುರು ಒಡೆಯುತ್ತದೆ. ಜಾಲಿ ಚಿಗುರುವುದು ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗಿನ ಬುಡದ ಗಂಟಿನಿಂದ. ಆ ಗಂಟು ಪೂರ್ತಿ ಬರುವಂತೆ ಒಂದು ಅಡಿ ಆಳಕ್ಕೆ ಅಗೆದು ತೆಗೆಯಬೇಕು. ಗುತ್ತಿಗೆ ಮಾತಾಡುವಾಗಲೇ ಬುಡ ಕೀಳುವುದನ್ನೂ ಸೇರಿಸಿ, ಕಾಗದದಲ್ಲಿ ಬರೆಸಿಕೊಳ್ಳಿ. ಕೈಗೆ ಬರುವ ದುಡ್ಡು ಕಡಿಮೆಯಾದರೂ ಪರವಾಗಿಲ್ಲ.

ಲಂಟಾನಕ್ಕೆ ಇಷ್ಟು ಆಳ ಬೇಡ. ಗುದ್ದಲಿಯಲ್ಲಿ ಮಣ್ಣಿನ ಒಳಗೆ ಒಂದೆರಡು ಇಂಚು ಕೆಳಗೆ ತಾಯಿಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ. ಹಣ್ಣು ಬಿಡುವ ಮೊದಲು ಮಾಡಬೇಕು. ಹಕ್ಕಿಗಳು ಬೀಜ ಹರಡುತ್ತವೆ. ಪಾರ್ಥೇನಿಯಂ ಅನ್ನು ಹೂ ಬರುವ ಮೊದಲು, ಮಳೆ ಬಂದು ನೆಲ ನೆನೆದಾಗ ಕೀಳಿ. ಒಂದು ಗಿಡದಲ್ಲಿ ಸಾವಿರಾರು ಬೀಜ ಇರುತ್ತದೆ. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಕೂಲಿಯವರನ್ನು ದಯವಿಟ್ಟು ಇಳಿಸಬೇಡಿ. ಚರ್ಮದ ಅಲರ್ಜಿ ಹತ್ತಿದರೆ ವರ್ಷಗಟ್ಟಲೆ ಬಿಡುವುದಿಲ್ಲ.

ಯಾವ ಮಣ್ಣಿಗೆ ಯಾವ ಗಿಡ ಎಂದು ಗೊಂದಲವಾದರೆ ತುಮಕೂರಿನವರಿಗೆ ಹಿರೇಹಳ್ಳಿ, ಕೊನೇಹಳ್ಳಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರು, ಕೋಲಾರದವರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರಗಳಿವೆ.

ಕೊನೆಗೆ ಕುರಿ ಮಂದೆಯ ಮಾತು. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ಹಾಕಿಸುವುದು ನಮ್ಮ ಕಡೆ ಹಳೆಯ ರೂಢಿ. ಕುರಿ, ಮೇಕೆ ಜಾಲಿ ಕಾಯಿಯನ್ನು ಇಷ್ಟಪಟ್ಟು ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಅರಗದೆ ಹಿಕ್ಕೆಯ ಜೊತೆ ನಿಮ್ಮ ಹೊಲಕ್ಕೆ ಬೀಳುತ್ತದೆ. ಕಾಯಿ ಉದುರುವ ಕಾಲದಲ್ಲಿ ಮಂದೆ ಬೇಡ. ಬೇರೆ ಕಾಲದಲ್ಲಿ ಹಾಕಿಸಿದ್ದರೂ ಮೊದಲ ಮಳೆ ಬಿದ್ದು ಹದಿನೈದು ದಿನಕ್ಕೆ ಹೊಲದಲ್ಲಿ ಒಂದು ಸುತ್ತು ಬನ್ನಿ. ಆಗ ಜಾಲಿ ಬೆರಳುದ್ದ ಇರುತ್ತದೆ, ಕೈಯಲ್ಲೇ ಕಿತ್ತು ಬರುತ್ತದೆ.