ಬೀಗ ಗಟ್ಟಿಯಿತ್ತು, ಕೀ ಕೊಟ್ಟವನು ನಮ್ಮವನೇ

ಕೋಲಾರ ಎಪಿಎಂಸಿಯಲ್ಲಿ ನಮ್ಮದೊಂದು ಸಣ್ಣ ಟೊಮೆಟೊ ಮಂಡಿ ಇದೆ. ಅಣ್ಣತಮ್ಮಂದಿರು ಐದು ಜನ. ಲೋಡ್ ಎಲ್ಲಿಗೆ, 15 ಕೆಜಿ ಬಾಕ್ಸಿಗೆ ಎಷ್ಟು, ಯಾರ ಬಾಕಿ ಎಷ್ಟು, ಎಲ್ಲಾ ಫೋನಲ್ಲೇ.

ಒಂದು ದಿನ ಕೊನೆಯ ತಮ್ಮ ಯಾರಿಗೋ ತನ್ನ ಚಾಟ್ ಆ್ಯಪ್‌ನ ಓಟಿಪಿ ಹೇಳಿಬಿಟ್ಟ. ಸ್ವಲ್ಪ ಹೊತ್ತಿಗೆ ಅವನ ಹೆಸರಲ್ಲಿ ನನಗೆ ಮೆಸೇಜ್: 'ಬ್ರೋ, ಲಾರಿ ಬಾಡಿಗೆಗೆ 20 ಸಾವಿರ ಹಾಕು.' ಅವನು ನನ್ನನ್ನು ಹುಟ್ಟಿದಾಗಿನಿಂದ ಬ್ರೋ ಅಂದವನಲ್ಲ. ದುಡ್ಡು ಉಳಿಯಿತು. ಆ ಆ್ಯಪ್‌ನಲ್ಲೂ ಎನ್‌ಕ್ರಿಪ್ಷನ್ ಇತ್ತು, ಅಂದರೆ ಮೆಸೇಜನ್ನು ಬೇರೆಯವರು ಓದದ ಹಾಗೆ ಹಾಕೋ ಬೀಗ; ಅದರದ್ದೇನೂ ತಪ್ಪಿಲ್ಲ.

ಎಲ್ಲರನ್ನೂ ಸಿಗ್ನಲ್ ಅನ್ನೋ ಚಾಟ್ ಆ್ಯಪ್‌ಗೆ ತಂದೆ. ಮೊದಲು ಪಿನ್, ಆಮೇಲೆ ರಿಜಿಸ್ಟ್ರೇಷನ್ ಲಾಕ್. ಇದಿದ್ದರೆ ಓಟಿಪಿ ಸಿಕ್ಕವನಿಗೂ ಪಿನ್ ಬೇಕು. ಏಳು ದಿನ ಆ್ಯಪ್ ಮುಟ್ಟದೇ ಇದ್ದರೆ ಮಾತ್ರ ಲಾಕ್ ಸಡಿಲವಾಗುತ್ತದೆ. ನಮ್ಮ ಮಂಡಿಯಲ್ಲಿ ಏಳು ನಿಮಿಷವೂ ಯಾರೂ ಸುಮ್ನೆ ಇರಲ್ಲ, ಬಿಡಿ.

ಆಮೇಲೆ ಸೇಫ್ಟಿ ನಂಬರ್, ಆ ಕಡೆ ಇರೋದು ನಿಜವಾಗಲೂ ಅವರ ಫೋನೇನಾ ಅಂತ ಇಬ್ಬರೂ ಹೋಲಿಸಿ ನೋಡೋ ಅಂಕಿ. ಮಂಡಿಯಲ್ಲಿದ್ದವರು ಖಾಲಿ ಕ್ರೇಟ್ ಮೇಲೆ ಫೋನಿಟ್ಟು ಒಬ್ಬರದನ್ನೊಬ್ಬರು ಸ್ಕ್ಯಾನ್ ಮಾಡಿಕೊಂಡೆವು. ಚೆನ್ನೈ ಕೋಯಂಬೇಡಿನಲ್ಲಿರುವ ಎರಡನೆಯವನಿಗೆ ಮಾತ್ರ 60 ಅಂಕಿ ಓದಿ ಹೇಳಬೇಕಾಯಿತು, ಐದೈದರಂತೆ 12 ಗುಂಪು. ನಾಲ್ಕನೇ ಗುಂಪಿಗೆ ಬರುವಾಗ ಪಕ್ಕದಲ್ಲಿ ಹರಾಜು ಶುರು. ಅವರು ಕೂಗಿದ ರೇಟನ್ನೂ ಇವನು ಸೇರಿಸಿಕೊಂಡು 'ಮ್ಯಾಚ್ ಆಗ್ತಿಲ್ಲ ಅಣ್ಣ' ಅಂದ. ಗೋಡೌನ್ ಒಳಗೆ ಹೋಗಿ ಮತ್ತೆ ಮೊದಲಿನಿಂದ ಓದಿದೆ.

ಚಾಟ್ ಸರಿಹೋಯಿತು. ವಾಕಿಟಾಕಿ ಥರ ಒತ್ತಿ ಮಾತಾಡೋಕೆ ಮಂಬಲ್ ಅನ್ನೋ ವಾಯ್ಸ್ ಆ್ಯಪ್ ಹಾಕೋಣ ಅನ್ನಿಸಿತು, ಅದರ ಸರ್ವರ್ ನಾವೇ ಇಟ್ಟುಕೊಳ್ಳಬಹುದು. ಮನೆಯಲ್ಲಿದ್ದ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಸರ್ವರ್ ಹತ್ತೇ ನಿಮಿಷದಲ್ಲಿ ಎದ್ದು ನಿಂತಿತು. ಹೊರಗಿನಿಂದ ಸರ್ವರಿಗೆ ಬರೋ ಬಾಗಿಲು ಅಂತ ರೂಟರಿನಲ್ಲಿ 64738 ಪೋರ್ಟ್ ಬಿಟ್ಟೆ. ಹೊರಗಿನಿಂದ ಒಬ್ಬರಿಗೂ ಸಿಗಲಿಲ್ಲ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ನೋಡಿದೆ, ರೂಟರಿಗೆ ಬಂದ ಐಪಿ, ಅಂದರೆ ಇಂಟರ್ನೆಟ್ ವಿಳಾಸ, 100.72 ಅಂತ ಶುರುವಾಗಿತ್ತು. ಅಂದರೆ ಸಿಜಿನ್ಯಾಟ್. ಇಂಟರ್ನೆಟ್ ಕಂಪನಿಯವರು ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಮನೆಗೆ ಹಂಚಿದ್ದಾರೆ, ನಾನು ಪೋರ್ಟ್ ಬಿಟ್ಟು ಏನು ಪ್ರಯೋಜನ? ಕೊನೆಗೆ ಸಣ್ಣದೊಂದು ವಿಪಿಎಸ್, ಅಂದರೆ ಬೇರೆಯವರ ಜಾಗದಲ್ಲಿರೋ ಸರ್ವರ್, ಬಾಡಿಗೆಗೆ ತಗೊಂಡು ಮಂಬಲ್ ಅಲ್ಲಿಗೆ ಹಾಕಿದೆ.

ಆದರೆ ಮಂಬಲ್‌ನಲ್ಲಿ ಬೀಗ ಇರುವುದು ಫೋನಿನಿಂದ ಸರ್ವರ್‌ವರೆಗೆ. ಸರ್ವರ್ ಒಳಗೆ ಮಾತು ಬಿಚ್ಚಿಕೊಳ್ಳುತ್ತದೆ, ಆ ಮಷೀನು ಈಗ ನಮ್ಮ ಮನೆಯಲ್ಲಿಲ್ಲ. ಹಾಗಾಗಿ 'ಗಾಡಿ ಮುಳಬಾಗಿಲು ದಾಟ್ತಾ?' ಅನ್ನುವಂಥದ್ದು ಮಾತ್ರ ಅಲ್ಲಿ. ಬಾಕಿ ಲೆಕ್ಕ ಸಿಗ್ನಲ್‌ನಲ್ಲೇ.

ಮೊನ್ನೆ ಕೊನೆಯವನು ಫೋನ್ ಬದಲಾಯಿಸಿದ. ಅವನೇ ಅಂತ ತೋರಿಸೋ ಸರ್ಟಿಫಿಕೇಟ್ ಫೈಲ್ ಹಳೇ ಫೋನಲ್ಲೇ ಉಳಿದಿತ್ತು, ಅದಿಲ್ಲದೆ ಮಂಬಲ್ ಅವನ ಹೆಸರನ್ನೇ ಒಪ್ಪಲಿಲ್ಲ, ಸಿಗ್ನಲ್ ಕೂಡ ಸೇಫ್ಟಿ ನಂಬರ್ ಬದಲಾಗಿದೆ ಅಂತು. ಎದುರಿಗೇ ಕೂರಿಸಿಕೊಂಡು ಸ್ಕ್ಯಾನ್ ಮಾಡಿದ ಮೇಲೇ ಬಾಕಿ ಲಿಸ್ಟ್ ಕಳಿಸಿದೆ. 'ನನ್ನನ್ನೇ ನಂಬಲ್ವಾ?' ಅಂತ ಇನ್ನೂ ಮುನಿಸು.