ಸ್ಟೇಷನ್‌ಗೆ ಬಂದು ಹೋಗಿ ಅಂತ ಫೋನ್ ಬಂದರೆ

ಕಳೆದ ಮಳೆಗಾಲದಲ್ಲಿ ನಮ್ಮೂರ ರಸ್ತೆಯ ಗುಂಡಿ, ಅದರ ಪಕ್ಕದಲ್ಲೇ ಕಟ್ಟಿದ್ದ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್, ಎರಡೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಮಾರನೇ ದಿನವೇ ಫೋನ್. ‘ಸ್ವಲ್ಪ ಸ್ಟೇಷನ್ ಹತ್ರ ಬಂದು ಹೋಗಿ.’ ಹೆದರಿ ಹೋದೆ. ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಬಿಳಿ ಹಾಳೆ ಮುಂದೆ ತಳ್ಳಿ ‘ಇನ್ಮೇಲೆ ಹಾಕಲ್ಲ ಅಂತ ಬರೆದುಕೊಡಿ’ ಅಂದರು. ಬರೆದುಕೊಟ್ಟೆ. ನೀವು ಹಾಗೆ ಮಾಡಬೇಡಿ.

ಫೋನಿನಲ್ಲೇ ಕೇಳಿ: ಯಾರ ದೂರು, ಎಫ್‌ಐಆರ್ ಆಗಿದೆಯಾ, ಮಾತಾಡುತ್ತಿರುವವರ ಹೆಸರೇನು. ಜಗಳ ಬೇಡ. ‘ನೋಟಿಸ್ ಕೊಡಿ ಸಾರ್, ಖಂಡಿತ ಬರ್ತೀನಿ’ ಅಂದರೆ ಸಾಕು. ಬಂಧನ, ತನಿಖೆಯ ನಿಯಮಗಳಿದ್ದ ಹಳೇ ಕಾನೂನು ಸಿಆರ್‌ಪಿಸಿ ಜಾಗಕ್ಕೆ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಅನ್ನೋ ಹೊಸ ಕಾನೂನು ಬಂದಿದೆ ಅಲ್ವಾ, ಅದರ 35ನೇ ಕಲಂ ಪ್ರಕಾರ ಬಂಧನ ಅಗತ್ಯವಿಲ್ಲದ ಕೇಸಿನಲ್ಲಿ ಆರೋಪಿಯನ್ನು ನೋಟಿಸ್ ಕೊಟ್ಟೇ ಕರೆಸಬೇಕು. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ನೋಟಿಸ್ ಕೈಗೆ ಬಂದ ಮೇಲೆ ಮಾತ್ರ ತಪ್ಪಿಸಬೇಡಿ, ಬಂಧಿಸುವುದಕ್ಕೆ ನೀವೇ ಕಾರಣ ಕೊಟ್ಟ ಹಾಗಾಗುತ್ತದೆ. ಸಾಕ್ಷಿ ಅಂತ ಕರೆದರೆ, ಹೆಂಗಸರು ಮತ್ತು 60 ದಾಟಿದವರು ಸ್ಟೇಷನ್‌ಗೆ ಹೋಗಬೇಕಾಗಿಲ್ಲ, ಮನೆಗೇ ಬಂದು ಕೇಳಬೇಕು.

ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಪೋಸ್ಟ್ ಹಾಕಿದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಹೆಸರು ಹೇಳಿ ಯಾರಾದರೂ ಹೆದರಿಸಿದರೆ, ಅದು 2015ರಲ್ಲೇ ರದ್ದಾಗಿದೆ.

ನಮ್ಮ ಕಡೆ ಒಂದು ಚಟ ಇದೆ. ಸ್ಟೇಷನ್‌ನಿಂದ ಕರೆ ಬಂದ ತಕ್ಷಣ ಎದುರು ಪಕ್ಷದ ಲೀಡರ್ ಹಿಡಿದು ಒಂದು ಮಾತು ಹೇಳಿಸುವುದು. ಕೆಲಸವೇನೋ ಆಗುತ್ತದೆ, ಆದರೆ ಮುಂದಿನ ಎಲೆಕ್ಷನ್‌ನಲ್ಲಿ ಅವರ ಬೂತ್ ಏಜೆಂಟಾಗಿ ನೀವೇ ಕೂರಬೇಕು! ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿಯವರನ್ನು 1978ರ ಉಪಚುನಾವಣೆಯಲ್ಲಿ ಗೆಲ್ಲಿಸಿದ ಊರು ನಮ್ಮ ಚಿಕ್ಕಮಗಳೂರು. ಆಗ ಜೈಲಿಗೆ ಹಾಕಿದವರ ಪಕ್ಷವಿರಲಿ, ಒಳಗೆ ಕೂತವರ ಪಕ್ಷವಿರಲಿ, ಯಾರು ಬಂದರೂ ಈ ‘ಬಂದು ಹೋಗಿ’ ನಿಂತಿಲ್ಲ. ಹಾಗಾಗಿ ಲೀಡರ್ ಬದಲು ವಕೀಲರನ್ನು ಹಿಡಿಯಿರಿ.

ಒಬ್ಬರೇ ಹೋಗಬೇಡಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನಿಮ್ಮ ಸಹಿ ಹಾಕಿಸುವ ಹಾಗಿಲ್ಲ. ಖಾಲಿ ಹಾಳೆಗಂತೂ ಬೇಡವೇ ಬೇಡ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಜಿಲ್ಲಾ ಕೋರ್ಟ್‌ನ ಕಾನೂನು ಸೇವಾ ಪ್ರಾಧಿಕಾರ ಬಂಧನದಲ್ಲಿರುವವರಿಗೆ ಆದಾಯ ನೋಡದೆ ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಈಗಲೇ ಮನೆಯವರ ಫೋನಿನಲ್ಲೂ ಸೇವ್ ಮಾಡಿಡಿ, ಯಾಕೆಂದರೆ ಆ ಹೊತ್ತಿಗೆ ನಿಮ್ಮ ಫೋನ್ ಅವರ ಟೇಬಲ್ ಮೇಲಿರುತ್ತದೆ.