ಮೈಎಸ್‌ಕ್ಯೂಎಲ್ ರಿಸ್ಟೋರ್ ಆದಮೇಲೆ ಪ್ರೊಸೀಜರ್, ಇವೆಂಟ್ ಕಾಣದಿದ್ದರೆ

ಟೇಬಲ್‌ಗಳೆಲ್ಲ ಬಂದಿವೆ, ಸಾಲುಗಳ ಲೆಕ್ಕವೂ ಸರಿಯಿದೆ. ಆದರೂ ಆ್ಯಪ್ 1305 ಎರರ್ ಕೊಟ್ಟು ಪ್ರೊಸೀಜರ್ (ಸರ್ವರ್‌ನಲ್ಲೇ ಉಳಿಸಿಟ್ಟ ಎಸ್‌ಕ್ಯೂಎಲ್ ಕೋಡ್) ಇಲ್ಲ ಅನ್ನುತ್ತಿದ್ದರೆ, ಬಹುಮಟ್ಟಿಗೆ ಬ್ಯಾಕಪ್ ಫೈಲ್ ಕೆಟ್ಟಿರುವುದಿಲ್ಲ. ಪ್ರೊಸೀಜರ್ ಅದರೊಳಗೆ ಹೋಗಿಯೇ ಇರುವುದಿಲ್ಲ. ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಸಾಧನ ತಾನಾಗಿ ಎತ್ತಿಕೊಳ್ಳುವುದು ಟೇಬಲ್, ವ್ಯೂ, ಟ್ರಿಗರ್ ಇಷ್ಟನ್ನೇ. ಪ್ರೊಸೀಜರ್, ಫಂಕ್ಷನ್‌ಗೆ ‘--ರೂಟೀನ್ಸ್’, ಇವೆಂಟ್‌ಗೆ (ನಿಗದಿತ ಸಮಯಕ್ಕೆ ಸರ್ವರ್ ತಾನೇ ಓಡಿಸುವ ಕೆಲಸ) ‘--ಇವೆಂಟ್ಸ್’ ಎಂದು ಕೇಳಿಯೇ ಪಡೆಯಬೇಕು. ಮೈಎಸ್‌ಕ್ಯೂಎಲ್ 5.7 ಆವೃತ್ತಿಯಲ್ಲಿ ‘--ಆಲ್-ಡೇಟಾಬೇಸಸ್’ ಕೊಟ್ಟರೆ ಇವು ಸಿಸ್ಟಮ್ ಟೇಬಲ್‌ಗಳ ಜೊತೆ ಬಂದುಬಿಡುತ್ತಿದ್ದವು. 8.0ರಲ್ಲಿ ಆ ಟೇಬಲ್‌ಗಳೇ ಇಲ್ಲ, ಎಲ್ಲವೂ ಡೇಟಾ ಡಿಕ್ಷನರಿಗೆ (ಸರ್ವರ್‌ನ ಒಳ ದಾಖಲೆ) ಸೇರಿವೆ. ಅಪ್‌ಗ್ರೇಡ್ ಆದಮೇಲೂ ನಿಗದಿತ ಹೊತ್ತಿಗೆ ಬ್ಯಾಕಪ್ ತೆಗೆಯುವ ಹಳೆಯ ಕ್ರಾನ್ ಸ್ಕ್ರಿಪ್ಟ್ ಓಡುತ್ತಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ.

ಡಂಪ್ ಫೈಲಿನಲ್ಲಿ ‘ಡಂಪಿಂಗ್ ರೂಟೀನ್ಸ್ ಫಾರ್ ಡೇಟಾಬೇಸ್’ ಎಂಬ ಕಾಮೆಂಟ್ ಸಾಲನ್ನು ಗ್ರೆಪ್ ಮಾಡಿ (ಹುಡುಕಿ). ಇಲ್ಲವೆಂದರೆ ಆ ಫೈಲಿನಿಂದ ಪ್ರೊಸೀಜರ್ ಸಿಗದು. ಹಳೆಯ ಸರ್ವರ್ ಇನ್ನೂ ಜೀವಂತವಿದ್ದರೆ ಡೇಟಾ ಬಿಟ್ಟು ಉಳಿದದ್ದನ್ನು ಮಾತ್ರ ತೆಗೆಯಬಹುದು: ‘--ನೋ-ಡೇಟಾ’, ‘--ನೋ-ಕ್ರಿಯೇಟ್-ಇನ್ಫೋ’, ‘--ಸ್ಕಿಪ್-ಟ್ರಿಗರ್ಸ್’, ಜೊತೆಗೆ ‘--ರೂಟೀನ್ಸ್’, ‘--ಇವೆಂಟ್ಸ್’. ಲೋಡ್ ಮಾಡಿದ ಮೇಲೆ ಇನ್ಫರ್ಮೇಶನ್ ಸ್ಕೀಮಾದ ರೂಟೀನ್ಸ್, ಇವೆಂಟ್ಸ್, ಟ್ರಿಗರ್ಸ್, ವ್ಯೂಸ್ ಈ ನಾಲ್ಕರಲ್ಲೂ ಎಣಿಕೆಯನ್ನು ಎರಡೂ ಕಡೆ ತಾಳೆ ನೋಡಿ. ಇವೆಂಟ್ಸ್ ಮೊದಲು ನೋಡಿ. ಪ್ರೊಸೀಜರ್ ಇಲ್ಲದಿದ್ದರೆ ಎರರ್ ಆದರೂ ಬರುತ್ತದೆ. ರಾತ್ರಿ ಓಡಬೇಕಾದ ಇವೆಂಟ್ ಕಾಣೆಯಾದರೆ ಯಾರೂ ಕೂಗುವುದಿಲ್ಲ.

ಎಣಿಕೆ ಸರಿಹೋದ ಮೇಲೂ 1449 ಎರರ್ ಬಂದರೆ ಡಿಫೈನರ್ ಖಾತೆ, ಅಂದರೆ ಪ್ರೊಸೀಜರ್‌ನ ಒಡೆಯ ಎಂದು ಅದರಲ್ಲೇ ಬರೆದಿರುವ ಖಾತೆ, ಹೊಸ ಸರ್ವರ್‌ನಲ್ಲಿಲ್ಲ ಎಂದರ್ಥ. ಕರೆದಾಗ ಮಾತ್ರ ಇದು ಬಯಲಾಗುತ್ತದೆ. ಸೆಡ್ ಎಂಬ ಪಠ್ಯ ಬದಲಿಸುವ ಕಮಾಂಡ್‌ನಿಂದ ಎಲ್ಲ ಡಿಫೈನರ್‌ಗಳನ್ನೂ ರೂಟ್‌ಗೆ (ಎಲ್ಲ ಹಕ್ಕೂ ಇರುವ ಖಾತೆ) ಬದಲಿಸುವವರಿದ್ದಾರೆ, ಬೇಡ. ಬೇರೆ ಏನೂ ಬರೆಯದಿದ್ದರೆ ಪ್ರೊಸೀಜರ್ ಡಿಫೈನರ್‌ನ ಹಕ್ಕಿನಲ್ಲೇ ಓಡುತ್ತದೆ, ಅಂದರೆ ಕರೆದವರಿಗೆಲ್ಲ ಅದರ ಮೂಲಕ ರೂಟ್ ಹಕ್ಕು ಕೊಟ್ಟಂತೆ. ಅದೇ ಹೆಸರು, ಅದೇ ಹೋಸ್ಟ್ ಇಟ್ಟು ಖಾತೆ ಸೃಷ್ಟಿಸಿ. ಹೆಸರು ಒಂದೇ ಆದರೂ ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಇರುವುದೂ ಶೇಕಡಾ ಚಿಹ್ನೆ (ಯಾವ ಹೋಸ್ಟ್ ಆದರೂ ಸರಿ) ಇರುವುದೂ ಬೇರೆಬೇರೆ ಖಾತೆಗಳು.

ಒಂದೇ ಡೇಟಾಬೇಸಿನ ಡಂಪ್‌ನಲ್ಲಿ ಬಳಕೆದಾರರಾಗಲಿ ಗ್ರಾಂಟ್‌ಗಳಾಗಲಿ (ಅವರಿಗೆ ಕೊಟ್ಟ ಹಕ್ಕುಗಳು) ಇರುವುದಿಲ್ಲ. ‘ಶೋ ಕ್ರಿಯೇಟ್ ಯೂಸರ್’, ‘ಶೋ ಗ್ರಾಂಟ್ಸ್’ ಫಲಿತಾಂಶವನ್ನು ಬೇರೆ ಫೈಲಿಗೆ ತೆಗೆದಿಡಿ. 8.0ರ ಪಾಸ್‌ವರ್ಡ್ ಹ್ಯಾಶ್‌ನಲ್ಲಿ (ಪಾಸ್‌ವರ್ಡಿನ ಗೂಢರೂಪ) ಪರದೆಗೆ ಬಾರದ ಬೈಟ್‌ಗಳೂ ಇರುವುದರಿಂದ ಕಾಪಿ-ಪೇಸ್ಟ್‌ನಲ್ಲಿ ಕೆಡುತ್ತದೆ. ಮೊದಲು ‘ಪ್ರಿಂಟ್_ಐಡೆಂಟಿಫೈಡ್_ವಿತ್_ಆ್ಯಸ್_ಹೆಕ್ಸ್’ ಆನ್ ಮಾಡಿಕೊಳ್ಳಿ, 8.0.17ರಿಂದ ಇದು ಲಭ್ಯ.

ಪರೀಕ್ಷೆಗೆಂದು ಟೆಸ್ಟ್ ಸರ್ವರ್‌ಗೆ ಲೋಡ್ ಮಾಡುವ ಮುನ್ನ ಇವೆಂಟ್ ಶೆಡ್ಯೂಲರ್ ಆಫ್ ಮಾಡಿ. 8.0ರಲ್ಲಿ ಅದು ಮೊದಲಿನಿಂದಲೇ ಆನ್ ಇರುತ್ತದೆ. ಹಳೆಯ ಸಾಲು ಅಳಿಸುವ ಇವೆಂಟ್ ಇದ್ದರೆ ನೀವು ಎಣಿಸುತ್ತಿರುವಾಗಲೇ ಓಡಿಬಿಟ್ಟೀತು.